ಅಮ್ಮಿಯ ಮೂವತ್ತು ರೋಜಾ

ಆರ್.ಟಿ. ನಗರ
೧೨ ಮಾರ್ಚ್ ೨೦೨೫

ನನ್ನ ತಸ್ನೀಮ್‌ಗೆ,

ಅಮ್ಮಿಯ ಸಲಾಂ. ಮಗುವಿನ ಕೆನ್ನೆಗೆ ಎರಡು ಮುತ್ತು. ನಿನಗೆ ಸದ್ಯಕ್ಕಿಲ್ಲ.

ನಿನ್ನೆ ಯಲಹಂಕದ ನಿಮ್ಮ ಮನೆಯಿಂದ ಬಂದ ನಿನ್ನ ಅಣ್ಣ ನಯೀಮ್ ಎಲ್ಲ ಹೇಳಿದ. ರಂಜಾನ್ ಶುರುವಾದ ಹತ್ತೂ ದಿನ ರೋಜಾ ಹಿಡಿದಿದ್ದೀಯಂತೆ. ಹಾಲು ಕಡಿಮೆಯಾಗಿದೆಯಂತೆ. ಮೂರು ತಿಂಗಳ ಕೂಸಿನ ತೂಕ ಹತ್ತು ದಿನದಿಂದ ನೂರು ಗ್ರಾಂ ಕೂಡ ಏರಿಲ್ಲವಂತೆ. ಉಪವಾಸ ಬಿಡಿ ಎಂದು ಡಾಕ್ಟರ್ ಹೇಳಿದರೆ, ‘ನಮ್ಮಮ್ಮಿ ನಂಗೆ ಹಾಲು ಕೊಡ್ತಾನೇ ಮೂವತ್ತೂ ಹಿಡಿದಿದ್ರು’ ಎಂದೆಯಂತೆ. ಫೋನಿನಲ್ಲಿ ಬೈಯೋಣವೆಂದರೆ ನಿನ್ನ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಅತ್ತಿಗೆ ಸಬೀಹಾಳ ಸುದ್ದಿ ಕೇಳು. ಅವಳದೂ ಕೈಗೂಸು ತಾನೆ. ಶುಕ್ರವಾರ ಹೆಂಗಸರೆಲ್ಲ ನಮ್ಮಲ್ಲಿ ಕುರಾನ್ ಓದಲು ಸೇರಿದ್ದರು. ಅಷ್ಟು ಜನರ ಎದುರಿಗೆ, ನಡುಮಧ್ಯಾಹ್ನ, ಇವಳು ಲೋಟದ ತುಂಬ ರಾಗಿ ಗಂಜಿ ಹಿಡಿದು ಕೂತಳು. ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಹಸಿವೇ ಗೊತ್ತಿರಲಿಲ್ಲ ಎಂದು ಮೂಲೆಮನೆ ಖಾಲಾ ಕೊಂಕು ತೆಗೆದರು. ಇವಳು ನಿಧಾನವಾಗಿ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು, ‘ಹಾಲು ಕೊಡೋರಿಗೆ ರಜ ಕೊಟ್ಟೋನು ಮೇಲಿದಾನೆ ಖಾಲಾ, ನೀವ್ಯಾಕೆ ಹಾಜರಿ ತಗೋತೀರ?’ ಎಂದಳು. ಮಗು ದೊಡ್ಡದಾದ ಮೇಲೆ ಹಿಡಿದು ತೀರಿಸಲೆಂದು, ಬಿಟ್ಟ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ಇಪ್ಪತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿದವಳು ನಾನು, ಹೆಂಗಸರ ಅಳತೆ ನನಗೆ ಕಣ್ಣಲ್ಲೇ ಸಿಗುತ್ತದೆ. ಈ ಹುಡುಗಿಯ ಧೈರ್ಯಕ್ಕೆ ಮಾತ್ರ ನನ್ನ ಟೇಪು ಸಾಲಲಿಲ್ಲ.

ಈಗ ನನ್ನ ಮೂವತ್ತರ ಕಥೆ. ಅದು ಸುಳ್ಳು. ಎಂಟನೆಯ ದಿನ ನನ್ನೆದೆಯಲ್ಲಿ ಹಾಲಿಲ್ಲದೆ ನೀನು ಕಿರುಚಿಕೊಂಡೆ. ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು ನಿಂತಲ್ಲೇ ತಂಗಳನ್ನ ತಿಂದೆ. ಆಮೇಲೆ ದಿನಾ ತಿಂದೆ. ಸಂಜೆ ಎಲ್ಲರ ಜೊತೆ ಖರ್ಜೂರ ಬಾಯಿಗಿಟ್ಟು ಸುಸ್ತಾದವಳಂತೆ ಕೂರುತ್ತಿದ್ದೆ. ನನ್ನ ಅತ್ತೆ, ನಿನ್ನ ದಾದಿ, ಬೀದಿಗೆಲ್ಲ ನನ್ನನ್ನು ಹೊಗಳಿದರು. ನನಗದು ರುಚಿಸಿತು. ನಿನ್ನ ಮದುವೆ ಮಾತುಕತೆಯಲ್ಲಿ ನಿನ್ನ ಅತ್ತೆಯ ಮುಂದೆಯೂ ಅದನ್ನೇ ಹೇಳಿ ಮೆರೆದೆ.

ನನ್ನ ಬಡಾಯಿಗೆ ನಿನ್ನ ಕೂಸು ಸೊರಗುವುದು ಬೇಡ. ಕಾಗದ ಕೈಗೆ ಸಿಕ್ಕಿದ ಕೂಡಲೇ ಊಟ ಮಾಡು.

ನಿನ್ನ
ಅಮ್ಮಿ

ತಾ.ಕ.: ಆ ಇಪ್ಪತ್ಮೂರು ರೋಜಾಗಳನ್ನು ಮರುವರ್ಷ ಹಿಡಿದು ತೀರಿಸಿದೆ, ಹೊಟ್ಟೆ ಸರಿಯಿಲ್ಲ ಎಂದು ಮನೆಯವರಿಗೆ ಹೇಳಿಕೊಂಡು. ತಿಂದಿದ್ದೂ ಕದ್ದು, ಹಸಿದಿದ್ದೂ ಕದ್ದು. ‘ಅತ್ತೆಗೆ ತೋರಿಸಬೇಡ’ ಎಂದು ಮೇಲೆ ಬರೆದು ಹೊಡೆದುಹಾಕಿದ್ದೇನೆ, ನೋಡು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನೀನೇ ಓದಿ ಹೇಳು, ಜೋರಾಗಿ.