ಗಡಿಯಾರದ ಕಂಬದ ಹತ್ತಿರ ಒಂದು ಕಿರುಬಾಗಿಲು

ನೆಲದಡಿ ರೈಲಿನ ಜನಸಂದಣಿ ನಿರ್ವಹಣೆಯ ಮೇಲಧಿಕಾರಿಗಳಿಗೆ

ಮಾನ್ಯರೇ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಬಟ್ಟೆಯ ಸುಕ್ಕು ಬಿಡಿಸುವುದು ನನ್ನ ಕೆಲಸ. ಬರವಣಿಗೆಯ ಸುಕ್ಕು ಬಿಡಿಸುವ ಇಸ್ತ್ರಿಪೆಟ್ಟಿಗೆ ನನಗಿನ್ನೂ ಸಿಕ್ಕಿಲ್ಲ. ನನ್ನ ಓದು ಪ್ರಾಥಮಿಕ ಶಾಲೆಗೇ ನಿಂತಿತು. ಕಾಗುಣಿತ ತಪ್ಪಿದ ಕಡೆ ಪತ್ರಿಕೆಯವರು ತಿದ್ದಿಕೊಂಡಾರು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವಿಷಯ ಇಷ್ಟೇ. ದೊಡ್ಡ ನಿಲ್ದಾಣದ ಪ್ಲಾಟ್‌ಫಾರ್ಮಿನ ನಡುವೆ ನೀವು ಉದ್ದಕ್ಕೂ ಉಕ್ಕಿನ ಬೇಲಿ ಹಾಕಿಸಿದ್ದೀರಿ. ದಿನಾ ಬೆಳಿಗ್ಗೆ ಆ ಬೇಲಿಯ ಮೇಲಿಂದ ನಾನು ಒಂದು ಮಗುವನ್ನು ಎತ್ತಿ ಆಚೆಯವರ ಕೈಗೆ ಕೊಡಬೇಕಾಗಿದೆ. ಹೋದ ವಾರ ಆ ಮಗು ಬೇರೆಯವರ ಕೈಗೆ ಹೋಯಿತು.

ಇದನ್ನು ನಿಮ್ಮ ದೂರು ಪೆಟ್ಟಿಗೆಗೇ ಹಾಕಬಹುದಿತ್ತು. ಹಾಕಲು ಹೋದೆ ಕೂಡ. ಪೆಟ್ಟಿಗೆ ಎಷ್ಟು ತುಂಬಿತ್ತೆಂದರೆ ಕಾಗದಗಳು ಅದರ ಬಾಯಿಯಿಂದ ಇಣುಕಿ ಉಸಿರಾಡುತ್ತಿದ್ದವು. ಅಲ್ಲೂ ನೂಕುನುಗ್ಗಲು. ಅಲ್ಲಿಗೆ ಬೇಲಿ ಹಾಕಿಸಲು ನೀವು ಮರೆತಿದ್ದೀರಿ. ಹಾಗಾಗಿ ಈ ಬಹಿರಂಗ ಪತ್ರ.

ನಮ್ಮ ಮನೆಯಲ್ಲಿ ಮೂವರು: ನಾನು, ನನ್ನ ಅಕ್ಕ, ಅಕ್ಕನ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳನ್ನು ಕಡ್ಲೆ ಎಂದು ಕರೆದೆವು. ಈಗ ಎತ್ತಿಕೊಂಡರೆ ಸೊಂಟ ಹಿಡಿದುಕೊಳ್ಳುವಷ್ಟು ಬೆಳೆದಿದ್ದಾಳೆ, ಹೆಸರು ಮಾತ್ರ ಬೆಳೆದಿಲ್ಲ. ಅಕ್ಕನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ನನಗೆ ಲಾಂಡ್ರಿಯಲ್ಲಿ ಹಗಲಿನ ಇಸ್ತ್ರಿ ಕೆಲಸ. ಅಕ್ಕ ಮನೆ ಮುಟ್ಟುವ ಮೊದಲೇ ನಾನು ಮನೆ ಬಿಡಬೇಕು. ನಡುವಿನ ಹೊತ್ತಿನಲ್ಲಿ ಕಡ್ಲೆ ಎಲ್ಲಿರಬೇಕು? ಈ ಪ್ರಶ್ನೆಗೆ ನಾವು ಯಾವ ಸಮಿತಿಯನ್ನೂ ನೇಮಿಸಲಿಲ್ಲ. ದೊಡ್ಡ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ನಡುವೆ ಇದೆ, ಎರಡೂ ಪಕ್ಕಕ್ಕೆ ರೈಲು ಬರುತ್ತದೆ. ನಾನು ಮಗುವನ್ನು ಎತ್ತಿಕೊಂಡು ಮನೆಯ ಕಡೆಯಿಂದ ಬಂದು ಒಂದು ಪಕ್ಕ ಇಳಿಯುತ್ತಿದ್ದೆ. ಅಕ್ಕ ಕಾರ್ಖಾನೆಯ ಕಡೆಯಿಂದ ಬಂದು ಇನ್ನೊಂದು ಪಕ್ಕ ಇಳಿಯುತ್ತಿದ್ದಳು. ನಡುವೆ ಗಡಿಯಾರದ ಕಂಬ. ಅದರ ಕೆಳಗೆ ಕಡ್ಲೆ ನನ್ನ ಸೊಂಟದಿಂದ ಅಕ್ಕನ ಸೊಂಟಕ್ಕೆ ಹೋಗುತ್ತಿದ್ದಳು.

“ಹಾಲು ಕುಡಿದ್ಲಾ?”

“ಅರ್ಧ ಕುಡಿದ್ಲು, ಅರ್ಧ ನನಗೆ ಕುಡಿಸಿದ್ಲು. ನೋಡಿಲ್ಲಿ ಅಂಗಿ.”

“ನೆಗಡಿ ಹೇಗಿದೆ?”

“ನಂದಾ, ಅವಳ್ದಾ?”

“ನಿಂಗೇನಾಗತ್ತೆ ಕಣೇ, ಕಲ್ಲು ತಿಂದು ಕರಗಿಸ್ಕೊಳ್ಳೋಳು.”

ಅಷ್ಟರಲ್ಲಿ ಎರಡು ಕಡೆಯೂ ಮುಂದಿನ ರೈಲು ಬರುತ್ತಿತ್ತು. ಅಕ್ಕ ಮಗುವಿನ ಜೊತೆ ಮನೆಗೆ, ನಾನು ಲಾಂಡ್ರಿಗೆ. ಯಾರಿಗೂ ತೊಂದರೆ ಇರಲಿಲ್ಲ. ಗಡಿಯಾರಕ್ಕಂತೂ ಇರಲೇ ಇಲ್ಲ, ಅದು ಕೆಟ್ಟು ನಿಂತು ಎಷ್ಟೋ ಕಾಲವಾಗಿತ್ತು.

ಆಮೇಲೆ ನೀವು ಜನಸಂದಣಿಯನ್ನು ನಿರ್ವಹಿಸಲು ಶುರುಮಾಡಿದಿರಿ. ಜನ ಹೆಚ್ಚಾಗಿದ್ದಾರೆ ಎಂಬುದು ಸುಳ್ಳಲ್ಲ. ಹೆಚ್ಚಾದವರಲ್ಲಿ ನಾನೂ ಒಬ್ಬಳು, ಅಲ್ಲಗಳೆಯುವುದಿಲ್ಲ. ಮೊದಲು ಬೆಂಚುಗಳನ್ನು ಕೀಳಿಸಿದಿರಿ, ಕೂತವರು ನಿಂತವರಿಗಿಂತ ಹೆಚ್ಚು ಜಾಗ ತಿನ್ನುತ್ತಾರಂತೆ. ಅದರ ನಂತರ, ಜನ ಜಾಸ್ತಿಯಾದಾಗ ರಸ್ತೆಯ ಬಾಗಿಲಿಗೆ ಷಟರ್ ಎಳೆಸತೊಡಗಿದಿರಿ. ಒಳಗಿನ ನೂಕುನುಗ್ಗಲು ಹೊರಗೆ ರಸ್ತೆಗೆ ಬಂತು. ಒಳಗೆ ನೂಕುನುಗ್ಗಲು ಕಡಿಮೆಯಾಗಿದೆ ಎಂದು ನಿಮ್ಮ ಪ್ರಕಟಣೆ ಬಂತು. ಆಮೇಲೆ ಮನಸ್ಸಿಗೆ ನೆಮ್ಮದಿಯಾಗಲೆಂದು ನಿಲ್ದಾಣದಲ್ಲೂ ರೈಲಿನೊಳಗೂ ಪಿಟೀಲು ಹಾಕಿಸಿದಿರಿ. ಪಕ್ಕದವರ ಮೊಣಕೈ ಪಕ್ಕೆಗೆ ತಿವಿಯುತ್ತಿರುವಾಗ ಪಿಟೀಲು ಕೇಳಿಸಿಕೊಂಡರೆ ಹೇಗಿರುತ್ತದೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ತಿವಿತಕ್ಕೂ ಒಂದು ತಾಳ ಸಿಗುತ್ತದೆ, ಅಷ್ಟೇ. ಗೋಡೆಗೆ ಒಂದು ಚಿತ್ರವನ್ನೂ ಅಂಟಿಸಿದ್ದೀರಿ. ಅದರಲ್ಲಿ ಮೂವರು ಪ್ರಯಾಣಿಕರು ತೋಳು ಚಾಚಿದರೂ ಒಬ್ಬರಿಗೊಬ್ಬರು ತಾಗದಷ್ಟು ದೂರ ನಿಂತು ನಗುತ್ತಿದ್ದಾರೆ. ಆ ಮೂವರು ಯಾವ ನಿಲ್ದಾಣದಲ್ಲಿ ರೈಲು ಹತ್ತುತ್ತಾರೆ, ದಯವಿಟ್ಟು ತಿಳಿಸಿ. ನಾವೂ ಅಲ್ಲಿಗೇ ಹೋಗುತ್ತೇವೆ.

ಕೊನೆಗೆ ಬೇಲಿ ಬಂತು. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗಬೇಕೆಂದರೆ ಮೆಟ್ಟಿಲು ಹತ್ತಿ, ನಿಲ್ದಾಣದಿಂದ ಹೊರಬಿದ್ದು, ರಸ್ತೆ ದಾಟಿ, ಇನ್ನೊಂದು ಬಾಗಿಲಿನ ಷಟರ್ ಮುಂದೆ ಕಾದು, ಮತ್ತೆ ಇಳಿಯಬೇಕು. ಬೇಲಿ ನನ್ನ ಎದೆಯೆತ್ತರ. ಅಕ್ಕನ ಸೊಂಟ ಒಂದು ತೋಳಿನಷ್ಟು ದೂರದಲ್ಲಿದೆ. ನಿಮ್ಮ ದಾರಿಯಲ್ಲಿ ಹೋದರೆ ಅದೇ ಸೊಂಟ ಊರಾಚೆ ಇದೆ. ಹೋದೆ, ಒಂದೆರಡು ಸಲ ನಿಮ್ಮ ದಾರಿಯಲ್ಲೇ ಹೋದೆ. ಲಾಂಡ್ರಿಗೆ ತಡವಾಯಿತು.

“ಜನ ಕಡಿಮೆ ಇರುವ ಹೊತ್ತಿನಲ್ಲಿ ಪ್ರಯಾಣಿಸಿ” ಎಂದು ನಿಮ್ಮ ಕಚೇರಿ ಧ್ವನಿವರ್ಧಕದಲ್ಲಿ ದಿನವಿಡೀ ಬುದ್ಧಿ ಹೇಳುತ್ತದೆ. ದೊಡ್ಡವರ ಮಾತು ಎಂದು ಅದನ್ನು ನಮ್ಮ ಲಾಂಡ್ರಿ ಯಜಮಾನರ ಮುಂದಿಟ್ಟೆ. ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ ನಾನು. ಅವರು ಒಬ್ಬರೇ ಇರುವುದನ್ನು ನೋಡಿಕೊಂಡು ಕೇಳಿದೆ.

“ಸಾರ್, ನಾನು ಇನ್ಮೇಲೆ ಸ್ವಲ್ಪ ಬಿಸಿಲೇರಿದ ಮೇಲೆ ಬರ್ಲಾ? ರೈಲಿನೋರು ಹಂಗೇ ಹೇಳ್ತಿದಾರೆ.”

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ಹೌದಾ? ಪಾಪ, ಒಳ್ಳೇ ಜನ. ಹಂಗಾದ್ರೆ ಸಂಬಳಾನೂ ಅವರ ಹತ್ರಾನೇ ಇಸ್ಕೊಂಬಿಡಮ್ಮ.” ಆಮೇಲೆ ನಗು ನಿಲ್ಲಿಸಿ ಹೇಳಿದರು, “ಇನ್ನೊಂದು ಸಲ ತಡವಾದ್ರೆ ನಿನ್ನ ಮೇಜಿಗೆ ಬೇರೆಯವರು ಬರ್ತಾರೆ. ಆಮೇಲೆ ಬೇಜಾರು ಮಾಡ್ಕೋಬಾರ್ದು.”

ಅವತ್ತಿನಿಂದ ನಾನು ನಿಮ್ಮ ದಾರಿ ಬಿಟ್ಟು ಬೇಲಿಯ ಮೇಲಿಂದಲೇ ಕಡ್ಲೆಯನ್ನು ಕೊಡತೊಡಗಿದೆ. ಗಡಿಯಾರದ ಕಂಬದ ಹತ್ತಿರ ನಿಲ್ಲುವ ಕಾವಲುಗಾರರಿಗೆ ನಾವಿಟ್ಟ ಹೆಸರು ಮುಂದೆನಡಿ ಮಾವ. ಅವರ ಬಾಯಿಂದ ಬೇರೆ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಆದರೆ ನಾನು ಮಗುವನ್ನು ಎತ್ತುವಾಗ ಅವರು “ಮುಂದೆ ನಡೀರಿ, ಮುಂದೆ ನಡೀರಿ” ಎನ್ನುತ್ತಲೇ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಬೆನ್ನು ಅವರದು, ಅದರ ಹಿಂದೆ ಏನು ಬೇಕಾದರೂ ಆಗಬಹುದಿತ್ತು.

ಈಗ ಹೋದ ವಾರದ ಮಾತು. ನಮ್ಮ ಲಾಂಡ್ರಿಯಲ್ಲಿ ಪ್ರತಿ ಮನೆಯ ಬಟ್ಟೆಗೂ ಒಂದೊಂದು ಬಣ್ಣದ ಚಿಂದಿ ಕಟ್ಟುತ್ತೇವೆ. ಅಂಗಿಗೂ ಅದೇ ಬಣ್ಣ, ಗಂಟಿಗೂ ಅದೇ ಬಣ್ಣ. ನನ್ನ ಮೇಜಿನಿಂದ ಒಬ್ಬರ ಕರವಸ್ತ್ರ ಕೂಡ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಅಂಥ ನಾನು ಅಕ್ಕನ ಮಗಳನ್ನೇ ತಪ್ಪಿ ಬೇರೆಯವರಿಗೆ ಕೊಟ್ಟುಬಿಟ್ಟೆ. ಬ್ರೆಡ್ ಕಾರ್ಖಾನೆಯವರೆಲ್ಲರಿಗೂ ಬಿಳಿ ಕೋಟು, ಬಿಳಿ ಟೋಪಿ. ಅವತ್ತು ಯಾವುದೋ ರೈಲು ಕೆಟ್ಟು, ಎರಡು ರೈಲಿನ ಜನ ಒಂದಾಗಿ ನಿಂತಿದ್ದರು. ಬೇಲಿಯ ಆಚೆ ಗಡಿಯಾರದ ಕಂಬದ ಪಕ್ಕದಲ್ಲೇ ಎರಡು ಬಿಳಿ ತೋಳು ನನ್ನ ಕಡೆ ಚಾಚಿಕೊಂಡಿದ್ದವು. ಮುಖ ಕಾಣಲಿಲ್ಲ, ಮುಂದೆ ಯಾರದೋ ಚೀಲ ಇತ್ತು. ಕಡ್ಲೆಯನ್ನು ಎತ್ತಿ ಆ ತೋಳುಗಳಿಗೆ ಕೊಟ್ಟೆ. ತೋಳುಗಳು ಹಿಡಿದುಕೊಂಡವು. ಅಷ್ಟರಲ್ಲಿ ನನ್ನ ಕಡೆ ರೈಲು ಬಂತು, ನಾನು ಹತ್ತಲಿಲ್ಲ, ಹಿಂದಿನವರು ನನ್ನನ್ನು ಹತ್ತಿಸಿದರು. ಬಾಗಿಲು ಮುಚ್ಚಿತು. ಗಾಜಿನಲ್ಲಿ ನೋಡುತ್ತೇನೆ: ಬೇಲಿಯ ಆಚೆ ಅಕ್ಕ ಆಗಷ್ಟೇ ರೈಲಿಂದ ಇಳಿದು, ಜನರನ್ನು ಸರಿಸಿಕೊಂಡು, ಗಡಿಯಾರದ ಕಂಬದ ಕಡೆ ಬರುತ್ತಿದ್ದಾಳೆ. ಅವಳ ಎರಡೂ ಕೈ ಖಾಲಿ ಇವೆ.

ಮಾನ್ಯರೇ, ನನ್ನ ರೈಲು ಹೊರಟಿತು. ಒಳಗೆ ಪಿಟೀಲು ನುಡಿಯುತ್ತಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿದೆ. ವಾಪಸು ಹೋಗುವ ರೈಲಿನ ಮೆಟ್ಟಿಲಿಗೆ ಹಗ್ಗ ಕಟ್ಟಿತ್ತು. ಹಗ್ಗದ ಹಿಂದೆ ನಿಮ್ಮ ಸಿಬ್ಬಂದಿ, ಹಗ್ಗದ ಮುಂದೆ ಗೋಡೆಯಂತೆ ಜನ. “ನಿಮ್ಮ ಸುರಕ್ಷತೆಗಾಗಿ ತಡೆಯಲಾಗಿದೆ, ಸಹಕರಿಸಿ” ಎಂದು ಧ್ವನಿವರ್ಧಕ. ನಾನು ಮೆಲ್ಲಗೆ “ಮಗು...” ಎಂದೆ. ಯಾರಿಗೂ ಕೇಳಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಕೇಳಿಸದ ಧ್ವನಿ ನನ್ನದು. ಇನ್ನೊಮ್ಮೆ ಎಂದೆ. ಮೂರನೆಯ ಸಲ ಆ ಧ್ವನಿ ಎಲ್ಲಿಂದ ಬಂತೋ ಗೊತ್ತಿಲ್ಲ, “ನಮ್ಮ ಮಗು ಕಳೆದಿದೆ, ದಾರಿ ಬಿಡಿ!” ಎಂದು ಕಿರುಚಿದೆ. ಜಾಗವೇ ಇಲ್ಲ, ಒಂದು ಇರುವೆಗೂ ಜಾಗವಿಲ್ಲ ಎಂದು ನಿಮ್ಮ ಕಚೇರಿ ಹೇಳುವ ಕಡೆ ಜನ ಎರಡು ಪಾಲಾದರು. ನೀವು ಹಾಕಿಸಿದ ಹಗ್ಗವನ್ನು ಯಾರೋ ಒಬ್ಬರು ಅಜ್ಜಿ ಎತ್ತಿ ಹಿಡಿದರು. “ಹೋಗು ಮಗಳೇ, ಹೋಗು, ಇವರಿಗೆ ನಾನು ಹೇಳ್ಕೋತೀನಿ.” ನಾನು ಬಗ್ಗಿ ಓಡಿದೆ.

ದೊಡ್ಡ ನಿಲ್ದಾಣದಲ್ಲಿ ಈ ಸಲ ಅಕ್ಕನ ಪಕ್ಕದಲ್ಲಿ ಇಳಿದೆ. ಗಡಿಯಾರದ ಕಂಬದ ಹತ್ತಿರ ಮುಂದೆನಡಿ ಮಾವನ ಸ್ಟೂಲು. ಇಡೀ ಪ್ಲಾಟ್‌ಫಾರ್ಮಿನಲ್ಲಿ ನೀವು ಕೀಳಿಸದೆ ಬಿಟ್ಟಿರುವ ಏಕೈಕ ಆಸನ ಅದು. ಅದರ ಮೇಲೆ ಕಡ್ಲೆ ಕೂತಿದ್ದಳು. ತಲೆಯ ಮೇಲೆ ಮಾವನ ಟೋಪಿ, ಅದು ಮೂಗಿನವರೆಗೆ ಇಳಿದಿತ್ತು. ಟೋಪಿಯ ಒಳಗಿನಿಂದಲೇ ಕೈ ಬೀಸುತ್ತ ಎಲ್ಲರಿಗೂ “ಮುಂದೆ ನಡೀಲಿ, ಮುಂದೆ ನಡೀಲಿ” ಎನ್ನುತ್ತಿದ್ದಳು. ಜನ ನಡೆಯುತ್ತಲೂ ಇದ್ದರು. ಮಾವ ಅವಳ ಹಿಂದೆ ಎರಡೂ ಕೈ ಅಗಲಿಸಿ ನಿಂತಿದ್ದರು. ಅಕ್ಕ ನೆಲದ ಮೇಲೆ ಕುಸಿದು ಕೂತು ಮಗಳ ಒಂದು ಕಾಲನ್ನು ಹಿಡಿದುಕೊಂಡಿದ್ದಳು.

ಬಿಳಿ ತೋಳಿನ ಹೆಂಗಸು ಇನ್ನೂ ಅಲ್ಲೇ ಇದ್ದರು, ಅಕ್ಕನ ಕಾರ್ಖಾನೆಯವರೇ, ಬೇರೆ ವಿಭಾಗ. “ನಾನು ಮಗು ಇಸ್ಕೊಳ್ಳೋಕೆ ಕೈ ಚಾಚಿರ್ಲಿಲ್ಲಮ್ಮ,” ಎಂದು ಅವರು ಅಳುವುದೋ ನಗುವುದೋ ತಿಳಿಯದೆ ಹೇಳಿದರು. “ಆ ಜನದಲ್ಲಿ ಕೈ ಇಳಿಸೋಕೆ ಜಾಗ ಎಲ್ಲಿತ್ತು? ಬೇಲಿ ಮೇಲೆ ಹಾಕ್ಕೊಂಡು ನಿಂತಿದ್ದೆ. ನೋಡ್ತೀನಿ, ಕೈಯಲ್ಲಿ ಮಗು! ನಾನೇನು ಮಾಡ್ಲಿ, ಸೀದಾ ಈ ಅಣ್ಣನಿಗೆ ಕೊಟ್ಟೆ.”

ಅಕ್ಕ ನನ್ನ ಕಡೆ ತಿರುಗಿದಳು. “ಸ್ವಂತ ಅಕ್ಕನ ಕೈ ಗುರುತು ಸಿಗಲ್ವೇನೇ ನಿಂಗೆ?”

“ಎಲ್ಲಾ ತೋಳೂ ಬೆಳ್ಳಗೇ ಇದ್ವಲ್ಲಕ್ಕಾ.”

ಅಷ್ಟು ಹೊತ್ತು “ಮುಂದೆ ನಡೀರಿ” ಎಂದು ಕೂಗದೆ ಇದ್ದದ್ದಕ್ಕೆ ಮಾವನಿಗೆ ಏನಾಯಿತೆಂದು ನಿಮಗೆ ಗೊತ್ತೇ ಇರಬೇಕು, ಸಹಿ ಮಾಡಿದವರು ನೀವೇ ಅಲ್ಲವೇ? “ಜನರ ಹರಿವಿಗೆ ಅಡ್ಡಿ” ಎಂದು ಅವರನ್ನು ಮೇಲಿನ ಷಟರಿಗೆ ಕಳಿಸಿದಿರಿ. ಒಂದು ಮಗು ಕಳೆದುಹೋಗದ ಹಾಗೆ ನೋಡಿಕೊಂಡರೆ ಅದು ಅಡ್ಡಿ. ಮಗು ಕಳೆದೇ ಹೋಗಿದ್ದರೆ ಹರಿವು ಸರಾಗ!

ಅವತ್ತು ಲಾಂಡ್ರಿಗೆ ತಡವಾಗಿಯೇ ಹೋದೆ, ಸಂಗತಿ ಕೇಳಿ ಯಜಮಾನರು ಇದೊಂದು ಸಲಕ್ಕೆ ನನ್ನ ಮೇಜು ಉಳಿಸಿದರು. ಮರುದಿನ ಕೆಲಸ ಮುಗಿಸಿ ವಿಚಾರಣೆಯ ಕಿಟಕಿಗೆ ಹೋದೆ. ಕಿಟಕಿಯ ಹಿಂದಿದ್ದ ಮೇಡಂ ನಿಯಮ ಓದಿದರು. “ಬೇಲಿ ಮೇಲಿಂದ ಯಾವುದೇ ವಸ್ತು ದಾಟಿಸಬಾರದು.”

“ಮಗು ವಸ್ತು ಅಲ್ವಲ್ಲ ಮೇಡಂ?”

“ಮಗು ಬಗ್ಗೆ ಏನೂ ಬರೆದಿಲ್ಲ.”

“ಹಾಗಾದ್ರೆ ದಾಟಿಸ್ಬಹುದಾ?”

“ಬರೆದಿಲ್ಲ ಅಂದ್ರೆ ಆಗಲ್ಲ ಅಂತ.” ಆಮೇಲೆ ಆಚೀಚೆ ನೋಡಿ ಧ್ವನಿ ತಗ್ಗಿಸಿದರು. “ನನಗೂ ಚಿಕ್ಕ ಮಗು ಇದೆ ಕಣಮ್ಮ. ಮೇಲಿನವರಿಗೇ ಬರೀ.”

ಮೇಲಿನವರೇ, ಬರೆದಿದ್ದೇನೆ. ಮನೆಯಲ್ಲಿ ಅಕ್ಕ ಅವತ್ತಿನಿಂದ ಒಂದೇ ಮಾತು ಹಿಡಿದಿದ್ದಾಳೆ: “ನಾನೇ ಕೆಲಸ ಬಿಡ್ತೀನಿ. ಅವಳನ್ನ ಕಳ್ಕೊಂಡು ಬ್ರೆಡ್ ಮಾಡಿ ಯಾರಿಗೆ ತಿನ್ನಿಸ್ಲಿ?” ಈ ತಿಂಗಳ ಕೊನೆಯವರೆಗೆ ತಡಿ ಎಂದು ನಾನು ಕಾಲು ಹಿಡಿದು ನಿಲ್ಲಿಸಿದ್ದೇನೆ. ಅವಳು ಬಿಟ್ಟರೆ ನನ್ನ ಇಸ್ತ್ರಿಪೆಟ್ಟಿಗೆಯೊಂದೇ ಮೂವರ ಹೊಟ್ಟೆ ತುಂಬಿಸಬೇಕು. ಬಿಡದಿದ್ದರೆ ದಿನಾ ಬೆಳಿಗ್ಗೆ ಅದೇ ಬೇಲಿ, ಅದೇ ಬಿಳಿ ತೋಳುಗಳು. ಬೆಂಚು ಕೀಳುವಾಗ, ಷಟರ್ ಎಳೆಯುವಾಗ, ಪಿಟೀಲು ಹಾಕಿಸುವಾಗ ಈ ನಿಲ್ದಾಣಕ್ಕೆ ಜನ ಏಕೆ ಬರುತ್ತಾರೆಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ನಾವು ಅಲ್ಲಿ ಗುಂಪುಗೂಡಲು ಬರುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾರಣವಿದೆ. ನನ್ನ ಕಾರಣ ನನ್ನ ಸೊಂಟದ ಮೇಲೆ ಕೂತಿರುತ್ತದೆ.

ಬೇಲಿ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ಉಕ್ಕು ಹಾಕಿದ್ದೀರಿ, ನಿಮಗೂ ಮಮತೆ ಇರುತ್ತದೆ. ಗಡಿಯಾರದ ಕಂಬದ ಹತ್ತಿರ ಒಬ್ಬರು ತೂರುವಷ್ಟು ಒಂದು ಕಿರುಬಾಗಿಲು ಇಡಿಸಿ. ಅದರ ಅಗುಳಿ ಕಾವಲುಗಾರರ ಕೈಯಲ್ಲಿರಲಿ. ಮುಂದೆನಡಿ ಮಾವನನ್ನು ಅವರ ಸ್ಟೂಲಿಗೆ ವಾಪಸು ಕಳಿಸಿ. ಇದನ್ನು ಈ ತಿಂಗಳೊಳಗೆ ಮಾಡಿ. ಆಗುವುದಿಲ್ಲ ಎಂದಾದರೆ ಒಂದು ದಿನ ಬೆಳಿಗ್ಗೆ ನೀವೇ ಬನ್ನಿ. ಬೇಲಿಯ ಆಚೆ ನಿಂತು ಕೈ ಚಾಚಿ. ಕಡ್ಲೆಯನ್ನು ನಿಮ್ಮ ಕೈಗೇ ಕೊಡುತ್ತೇನೆ, ನೀವೇ ನಿರ್ವಹಿಸಿ.

ಇವತ್ತು ಬೆಳಿಗ್ಗೆ ಲಾಂಡ್ರಿಯಿಂದ ತಂದಿದ್ದ ಹಸಿರು ಚಿಂದಿಯನ್ನು ಎರಡು ತುಂಡು ಮಾಡಿದೆ. ಒಂದನ್ನು ಮನೆಯಲ್ಲೇ ಕಡ್ಲೆಯ ಮುಂಗೈಗೆ ಕಟ್ಟಿದೆ. ದೊಡ್ಡ ನಿಲ್ದಾಣದಲ್ಲಿ ಬೇಲಿಯ ಮೇಲೆ ಬಿಳಿ ತೋಳುಗಳು ಬಂದಾಗ ಮೊದಲು ಮುಖ ನೋಡಿ, ಅಕ್ಕನೇ ಎಂದು ಖಾತ್ರಿ ಮಾಡಿಕೊಂಡು, ಇನ್ನೊಂದು ತುಂಡನ್ನು ಅವಳ ಮುಂಗೈಗೆ ಕಟ್ಟಿದೆ. ಎರಡು ಗಂಟು ಹಾಕಿದೆ. ಆಮೇಲೆ ಮಗುವನ್ನು ಕೊಟ್ಟೆ.

ಇಂತಿ,
ಮುಂದೆ ನಡೆಯದೆ ನಿಂತುಕೊಂಡಿರುವ,
ಲಾಂಡ್ರಿಯ ಇಸ್ತ್ರಿಯವಳು, ಕಡ್ಲೆಯ ಚಿಕ್ಕಮ್ಮ