ಕೆಂಪು ಚಪ್ಪಲಿಯ ಡಾಕ್ಟರು

ಗದಗ ಸೀಮೆ
ಫೆಬ್ರವರಿ ಮೂವತ್ತು, 2231

ಇನ್ನೂರು ವರ್ಷಗಳ ಹಿಂದಿನ ಹಿರಿಯರಿಗೆ,

ಈ ತಾರೀಖು ಕಂಡು ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ಕೆಲವು ದಿನಗಳು ನಮ್ಮದರಲ್ಲಿವೆ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ನೀಲಾಂಬಿಕೆ. ಸಾಹಿತ್ಯದಲ್ಲಿ ಪದವಿ ಮುಗಿಸಿ ಈಗ ಹೊಸ್ತಿಲ ಪಾಳಿಯಲ್ಲಿದ್ದೇನೆ. ಏನೇ ಓದಿರಲಿ, ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ವರ್ಷ ದವಾಖಾನೆಯ ಬಾಗಿಲು ಕಾಯಬೇಕು. ಅದೇ ಹೊಸ್ತಿಲ ಪಾಳಿ. ಸಾಂಕ್ರಾಮಿಕಗಳು ನಮ್ಮನ್ನೂ ಬಿಟ್ಟಿಲ್ಲ. ಈ ಚಳಿಗಾಲ ಬಂದಿರುವುದು ಬೂದಿಜ್ವರ. ರೋಗಿಯ ಮುಖ ಬೂದಿಬಣ್ಣಕ್ಕೆ ತಿರುಗುವುದರಿಂದ ಆ ಹೆಸರು. ಆದರೆ ಊರು ಗಾಬರಿಯಾಗಿಲ್ಲ. ಕೆಮ್ಮು ಬಂದ ಮನೆಯವರು ತಾವೇ ಬಾಗಿಲಿಗೆ ಹಳದಿ ಬಟ್ಟೆ ಕಟ್ಟುತ್ತಾರೆ. ಸಂಜೆಯೊಳಗೆ ಓಣಿಯವರು ಕಟ್ಟೆಯ ಮೇಲೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಇಟ್ಟು ಹೋಗಿರುತ್ತಾರೆ. ಜ್ವರ ಬಂದದ್ದಕ್ಕೆ ಇಲ್ಲಿ ಯಾರೂ ನಾಚುವುದಿಲ್ಲ, ಮುಚ್ಚಿಟ್ಟದ್ದಕ್ಕೆ ನಾಚುತ್ತಾರೆ.

ನಮ್ಮ ದವಾಖಾನೆಗೆ ಎರಡು ಭಾಗ. ಜ್ವರದ ಕಡೆ ಕೆಂಪು ಚಪ್ಪಲಿ, ಉಳಿದ ಕಡೆ ಹಸಿರು. ನಡುವೆ ಒಂದು ಕೋಣೆ. ಅಲ್ಲಿ ಗೌನು, ಮಾಸ್ಕು ಬದಲಿಸಿ, ಕೈ ತೊಳೆದು, ಕೊನೆಗೆ ಹಸಿರು ಚಪ್ಪಲಿ ಮೆಟ್ಟಿಕೊಂಡು ಈಚೆ ಬರಬೇಕು. ಹಾಗಾಗಿ ಕಾಲು ನೋಡಿದರೆ ಸಾಕು, ಯಾರು ಎಲ್ಲಿಂದ ಬಂದರೆಂದು ತಿಳಿಯುತ್ತದೆ. ಯಾವಾಗಲೂ ನೆಲ ನೋಡುತ್ತಲೇ ನಡೆಯುವ ನನಗೆ ಇದು ಹೇಳಿ ಮಾಡಿಸಿದ ಕೆಲಸ. ಕಷ್ಟವಿರುವುದು ತಡೆಮಾತಿನಲ್ಲಿ. ಹೊಸ್ತಿಲಲ್ಲಿ ನಿಂತವರು ‘ತಡೀರಿ’ ಎಂದರೆ ಮಂತ್ರಿಯಾದರೂ ವಾದ ಮಾಡದೆ ‘ಶರಣು’ ಎಂದು ಹಿಂದಿರುಗಬೇಕು. ಆದರೆ ಹೇಳುವವರು ಬಾಯಿ ಬಿಡಬೇಕಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಹಸಿರು ಕಡೆಯ ಮುದುಕರ ವಾರ್ಡಿನ ಗಂಟೆ ಮೊಳಗಿತು. ಉಸಿರು ಕಟ್ಟಿದ್ದು ನನ್ನ ಅಜ್ಜಿಗೇ. ಕಾಲಿನ ಎಲುಬು ಮುರಿದು ಅಲ್ಲಿ ಮಲಗಿದ್ದಳು. ಹಿರಿಯ ಡಾಕ್ಟರು ನದಾಫ್ ಓಡುತ್ತ ಬಂದರು. ಅವರ ಕಾಲಲ್ಲಿ ಕೆಂಪು ಚಪ್ಪಲಿ. ಬಿಟ್ಟರೆ ಅವರ ಹಿಂದೆಯೇ ಬೂದಿಜ್ವರ ಮುದುಕರ ನಡುವೆ ಹೋಗಬಹುದು. ತಡೆದರೆ ನನ್ನ ಅಜ್ಜಿ ಉಳಿಯದೆ ಹೋಗಬಹುದು.

“ತಡೀರಿ” ಎಂದೆ. ದನಿ ನನಗೇ ಕೇಳಿಸಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಮತ್ತೆ ಹೇಳಿದೆ: “ತಡೀರಿ ಸರ್. ಕಾಲ್ ನೋಡ್ಕೋರಿ.”

ಅವರು ಕೆಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಒಳಗಿರುವುದು ಯಾರೆಂದು ಅವರಿಗೂ ಗೊತ್ತಿತ್ತು. “ಶರಣವ್ವಾ” ಎಂದು ತಿರುಗಿದರು. ಕೋಣೆಯಿಂದಲೇ ನರ್ಸಿಗೆ ಕೂಗಿದರು: “ರೇಣುಕಾ, ಅಜ್ಜೀನ ಎತ್ತಿ ಕೂಡ್ಸು. ಆಕ್ಸಿಜನ್ ಏರ್ಸು. ನಾ ಬಂದೆ.” ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವರು ಅವಸರಕ್ಕೆ ಅರ್ಧಂಬರ್ಧ ಕೈ ತೊಳೆಯಲಿಲ್ಲ. ಅಷ್ಟು ದೀರ್ಘವಾದ ನೀರಿನ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅಜ್ಜಿ ಉಳಿದಳು. ವಾರ್ಡಿನ ಒಬ್ಬರಿಗೂ ಜ್ವರ ತಾಗಲಿಲ್ಲ. ಅವತ್ತು ಸಂಜೆ ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ನನ್ನ ಡಾಕ್ಟರನ್ನ ಬಾಗಲ್ದಾಗ ನಿಲ್ಸಿದ್ಯಂತಲ್ಲ. ನಾ ಹೋಗಿಬಿಟ್ಟಿದ್ರ ಏನ್ ಮಾಡ್ತಿದ್ದಿ?”

ನಾನು ಅವಳ ಹೊದಿಕೆ ಸರಿಮಾಡತೊಡಗಿದೆ.

“ಇರ್ಲಿ. ನಿನಗೂ ಬಾಯಿ ಐತಿ ಅಂತ ಇವತ್ತ ಗೊತ್ತಾತು.” ಆಮೇಲೆ ಪಕ್ಕದ ಮಂಚದ ಕಡೆ ತಿರುಗಿ, “ಇಕಿ ನನ್ನ ಮೊಮ್ಮಗಳು” ಎಂದಳು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಒಂದೊಂದು ಮಂಚದವರಿಗೂ ಹೇಳಿದಳು.

ಹಿರಿಯರೇ, ಈ ಪದ್ಧತಿ ನಾವು ಕಂಡುಹಿಡಿದದ್ದಲ್ಲ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು ಅಳುಕುತ್ತಲೇ ದೊಡ್ಡವರೊಬ್ಬರಿಗೆ, ಮಾಸ್ಕು ಸರಿಮಾಡಿಕೊಳ್ಳಿ ಎಂದಿರಬೇಕು. ಆ ದೊಡ್ಡವರು ಸಿಟ್ಟಾಗದೆ ಸರಿಮಾಡಿಕೊಂಡಿರಬೇಕು. ಇಬ್ಬರ ಹೆಸರೂ ನಮಗೆ ತಿಳಿಯದು. ನಾಳೆ ನಿಮ್ಮನ್ನೂ ಬಾಗಿಲಲ್ಲಿ ಯಾರಾದರೂ ತಡೆದಾರು. ಅವರ ದನಿ ನಡುಗುತ್ತಿದ್ದರೆ ನಕ್ಕು ದಾಟಬೇಡಿ, ನಿಂತುಬಿಡಿ. ಇಷ್ಟೇ ನನ್ನ ಕೋರಿಕೆ.

ಇವತ್ತು ಅಜ್ಜಿ ಕೋಲೂರಿಕೊಂಡು ನನ್ನ ಹೊಸ್ತಿಲ ತನಕ ನಡೆದು ಬಂದಳು. ನಾನು ಮೊದಲು ನೋಡಿದ್ದು ಅವಳ ಕಾಲನ್ನೇ. ಹಸಿರು ಚಪ್ಪಲಿ ಹಾಕಿದ್ದಳು.

ಶರಣು,
ನೀಲಾಂಬಿಕೆ