ಹಸಿರು ಬಾಗಿಲಿನ ಮನೆಯ ವಿಳಾಸ

ಕೋಮಾಸ್, ಲೀಮಾ
ಆಗಸ್ಟ್ 14, ಬುಧವಾರ

ನನ್ನ ಅಮ್ಮಾ,

ಮಂಡಿನೋವು ಹೇಗಿದೆ? ಮಿಲಾನಿನಲ್ಲಿ ಬಿಸಿಲು ಸುಡುತ್ತಿದೆಯಂತೆ, ನೀನು ನೋಡಿಕೊಳ್ಳುವ ಅಜ್ಜಿಯ ಮಕ್ಕಳೆಲ್ಲ ಸಮುದ್ರದ ಕಡೆ ಹೊರಟುಹೋಗಿದ್ದಾರಂತೆ, ಹಗಲೂ ರಾತ್ರಿ ನೀನೊಬ್ಬಳೇ ಅಂತೆ. ಅಜ್ಜಿಯನ್ನು ಎತ್ತಿ ಕೂರಿಸುವಾಗ ಸೊಂಟ ಜೋಪಾನ. ಹೋದ ಭಾನುವಾರ ಫೋನಿನಲ್ಲಿ ನಿನ್ನ ಮುಖ ಬಾಡಿದಂತೆ ಕಂಡಿತು. ಬೆಳಕು ಸರಿಯಿಲ್ಲ ಅಂದೆ, ನಾನು ನಂಬಿದ ಹಾಗೆ ಮಾಡಿದೆ. ನಾವು ಚೆನ್ನಾಗಿದ್ದೇವೆ. ಇಲ್ಲಿ ಚಳಿಗಾಲದ ಜಿನುಗು, ಒಗೆದು ಹಾಕಿದ ಬಟ್ಟೆ ಒಣಗುವುದೇ ಇಲ್ಲ. ನೀನು ನೆಟ್ಟ ಜೆರೇನಿಯಂ ಮಾತ್ರ ಇದ್ಯಾವುದಕ್ಕೂ ಸೊಪ್ಪು ಹಾಕದೆ ಹೂಬಿಟ್ಟಿದೆ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ಅಪ್ಪನಿಗೆ ಕೇಳುತ್ತದೆ, ನೀನು ಕಳಿಸುವ ಧ್ವನಿ ಸಂದೇಶವನ್ನು ನನಗಿಂತ ಮೊದಲು ಅವನೇ ಹಾಕಿಕೊಂಡು ಕೂರುತ್ತಾನೆ. ದೋರಿಸ್ ಅತ್ತೆಯ ಮಗಳು ಇವತ್ತು ಸಂಜೆ ಅಲ್ಲಿಗೆ ವಿಮಾನ ಹತ್ತುತ್ತಾಳಲ್ಲ, ಅವಳ ಕೈಯಲ್ಲಿ ಇದನ್ನೂ ಒಂದಿಷ್ಟು ಒಣಮೆಣಸಿನಕಾಯಿ, ಹುರಿಯುವ ಜೋಳವನ್ನೂ ಕಳಿಸುತ್ತಿದ್ದೇನೆ. ಶನಿವಾರದೊಳಗೆ ನಿನಗೆ ಸಿಗಬೇಕು. ಭಾನುವಾರ ಅಪ್ಪ ಫೋನ್ ಮಾಡುವ ಮೊದಲೇ ನೀನು ಓದಿರಬೇಕು.

ಅಪ್ಪನ ವಿಷಯವೇ ಬರೆಯುವುದು. ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅವನು ಹೇಗಿದ್ದಾನೆ ಅಂತ ನೀನು ಕೇಳಿದಾಗಲೆಲ್ಲ "ಪರವಾಗಿಲ್ಲ" ಅಂದಿದ್ದೇನೆ. ಅದು ಸುಳ್ಳು ಅಮ್ಮಾ. ದಿನಾ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಾಳಿಗೆ ಹೊರಟವನಂತೆ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಾನೆ. ಫೋನಿನಲ್ಲಿ ಉದ್ಯೋಗ ತಾಣವನ್ನು ತೆರೆದು, ಮೆಕ್ಯಾನಿಕ್ ಅಂತ ಕಂಡಲ್ಲೆಲ್ಲ ಹೆಬ್ಬೆರಳು ಒತ್ತುತ್ತಾನೆ. ಒತ್ತಿದ ಕಡೆಯಿಂದ ಯಾವಾಗಲಾದರೊಮ್ಮೆ ಒಂದು ಸಾಲು ಬರುತ್ತದೆ, 'ನಿಮ್ಮ ಅರ್ಜಿಯನ್ನು ನೋಡಲಾಗಿದೆ' ಅಂತ. ಆವತ್ತು ಅವನಿಗೆ ಹಬ್ಬ. "ನೋಡಿದಾರೆ ಕಣೇ ನೋಯೆಮಿ, ನೋಡಿದಾರೆ! ಈ ವಾರ ಕರೀತಾರೆ ನೋಡು" ಅಂತ ಕೆಳಗಿನ ಗಲ್ಲಿಯವರೆಗೆ ಹೋಗಿ ನನಗೂ ರೊಟ್ಟಿಯೊಳಗೆ ಹಂದಿ ಮಾಂಸ ಇಟ್ಟು ಕಟ್ಟಿಸಿಕೊಂಡು ಬರುತ್ತಾನೆ. ನಾನು ತಿನ್ನುತ್ತೇನೆ. ಅವನ ಮುಖ ಮಾತ್ರ ನೋಡುವುದಿಲ್ಲ.

ಯಾಕೆಂದರೆ ಆ ಸಾಲು ಹೊರಡುವ ಕಡೆ ಕೂತಿರುವವಳು ನಾನು. ಬಿಸ್ಕತ್ತು ಕಾರ್ಖಾನೆಯಲ್ಲಿ ನನ್ನ ಕೆಲಸ ಆರಾಮದ್ದು, ಜನರನ್ನು ಆರಿಸುವುದು ಅಂತ ನೀನು ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀಯ. ಆರಿಸುವುದೆಲ್ಲಿ ಬಂತು? ಒಂದು ಜಾಗ ಖಾಲಿ ಇದೆ ಅಂತ ಉದ್ಯೋಗ ತಾಣದಲ್ಲಿ ಹಾಕಿದರೆ ಸಂಜೆಯೊಳಗೆ ಎಂಟುನೂರು ಅರ್ಜಿ ಬೀಳುತ್ತದೆ. ವಯಸ್ಸು ಎಷ್ಟರೊಳಗಿರಬೇಕು, ಯಾವ ಬಡಾವಣೆಯವರು ಬೇಡ ಅಂತ ತಾಣವೇ ನಮ್ಮನ್ನು ಕೇಳುತ್ತದೆ. ನಾವು ಗುರುತು ಹಾಕುತ್ತೇವೆ, ಉಳಿದವರು ಮಾಯ. ಉಳಿದವರಲ್ಲಿ ಒಬ್ಬರದನ್ನು ಕೈತಪ್ಪಿ ಒಂದು ಕ್ಷಣ ತೆರೆದು ಮುಚ್ಚಿದರೂ ಅವರಿಗೆ 'ನೋಡಲಾಗಿದೆ' ಅಂತ ಹೋಗುತ್ತದೆ. ಐವತ್ತು ದಾಟಿದವನು, ಕೋಮಾಸಿನ ಗುಡ್ಡದ ಮೇಲಿನವನು, ಅವನನ್ನು ಯಾರೂ ನೋಡಿರುವುದಿಲ್ಲ ಅಮ್ಮಾ. ಇದನ್ನು ನಾನು ಅಪ್ಪನಿಗೆ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ.

ಜನ ದಡ್ಡರಲ್ಲ, ಬಡಾವಣೆಯ ಹೆಸರಿನಲ್ಲೇ ಬಾಗಿಲು ಮುಚ್ಚುತ್ತದೆ ಅಂತ ಅವರಿಗೂ ಗೊತ್ತಿದೆ. ಅದಕ್ಕೇ ಅತ್ತೆಯದೋ ಚಿಕ್ಕಪ್ಪನದೋ ಒಳ್ಳೆಯ ಕಡೆಯ ವಿಳಾಸ ಬರೆಯುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಎರಡು ವರ್ಷದಿಂದ ಕಾಗದದ ಮೇಲೆ ಸಿರಿವಂತರ ಮಿರಾಫ್ಲೋರೆಸ್‌ನಲ್ಲಿ ಸಂಸಾರ ಮಾಡುತ್ತಿದ್ದಾನೆ. "ಲೆಕ್ಕಕ್ಕೆ ಈ ಮೆಟ್ಟಿಲ ಸಾಲಿನಲ್ಲಿ ನರಪಿಳ್ಳೆಯೂ ವಾಸ ಇಲ್ಲ ಕಣೇ, ನಾವೆಲ್ಲ ದೆವ್ವಗಳು" ಅಂತ ಅಪ್ಪನೇ ನಗುತ್ತಿದ್ದ.

ನಮ್ಮ ಕಂಪನಿಗೆ ತನ್ನದೇ ಒಂದು ಪುಟವೂ ಇದೆ, 'ನಮ್ಮೊಡನೆ ಕೆಲಸ ಮಾಡಿ' ಅಂತ. ಅಲ್ಲಿ ವಯಸ್ಸಿನ ಜರಡಿ ಇಲ್ಲ, ಬಡಾವಣೆಯ ಜರಡಿ ಇಲ್ಲ. ಯಾಕೆ ಇಲ್ಲಿಗೇ ಬರಬೇಕು ಅಂತಿದ್ದೀರಿ ಅಂತ ಎರಡು ಮಾತು ಬರೆಯಬೇಕು, ನಾವು ಕೂತು ಓದಬೇಕು. ವಾರಕ್ಕೆ ಮೂವತ್ತು ಜನ ಬಂದರೆ ಹೆಚ್ಚು. ಮೇಲಿನವರು ಅದನ್ನು ಮುಚ್ಚಿಬಿಡಿ ಅನ್ನುತ್ತಲೇ ಇದ್ದಾರೆ. ನಮ್ಮ ಮೇಲಧಿಕಾರಿ ಗ್ರಿಸೆಲ್ದಾ ಮೇಡಂ ಬಿಡುತ್ತಿಲ್ಲ. "ಎಂಟುನೂರು ಜನಕ್ಕೆ ಫೋನ್ ಮಾಡಿ ನೋಡಿ, 'ಯಾವ ಕಂಪನಿ ಮೇಡಂ?' ಅಂತ ಕೇಳ್ತಾರೆ. ನಮ್ಮ ಪುಟಕ್ಕೆ ಬಂದೋರು ನಮ್ಮ ಮನೆ ಬಾಗಿಲಿಗೆ ಬಂದೋರು, ಸುಳ್ಳು ಹೇಳಲ್ಲ" ಅಂತ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ್ದಾಳೆ. ಈ ಸಲದ ನೇಮಕಾತಿ ಸರಿಹೋದರೆ ಪುಟ ಉಳಿಯುತ್ತದೆ.

ಜುಲೈನಲ್ಲಿ ಒಂದು ದಿನ ಅಪ್ಪ ಸಾರು ಬಡಿಸುತ್ತಾ, ಸುಮ್ಮನೆ ಕೇಳುವವನಂತೆ, "ನಿಮ್ಮಲ್ಲಿಗೆ ಜನ ಹೇಗೆ ಬರ್ತಾರೆ?" ಅಂದ. ನಾನು ಈ ಪುಟದ ಕಥೆ ಹೇಳಿದೆ. "ಮನುಷ್ಯರೇ ಓದ್ತಾರಾ?" ಅಂದ. ಹೌದು ಅಂದೆ. ಇನ್ನೊಂದು ಸೌಟು ಬಡಿಸಿ ಮತ್ತೆ, "ಪೂರ್ತಿ ಓದ್ತಾರಾ?" ಅಂದ. ನನಗೆ ಆಗ ಏನೂ ಹೊಳೆಯಲಿಲ್ಲ.

ಮೊನ್ನೆ ಸೋಮವಾರ, ಯಂತ್ರಗಳ ವಿಭಾಗಕ್ಕೆ ಆರಿಸುವ ವಿಲ್ಮೆರ್ ನನ್ನ ಪಕ್ಕದ ಮೇಜಿನಿಂದ, "ಇವರ ಬರಹ ನೋಡು, ಇಂಥವರು ಸಿಗೋದೇ ಕಷ್ಟ" ಅಂತ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಪ್ಪನ ಫೋಟೋ! ನನ್ನ ಪದವಿ ಸಮಾರಂಭಕ್ಕೆ ಕಟ್ಟಿದ್ದ ಟೈ. ಇಲ್ಲಿಗೇ ಯಾಕೆ ಅನ್ನುವ ಕಡೆ ಬರೆದಿದ್ದಾನೆ: 'ಮೂವತ್ತು ವರ್ಷ ಯಂತ್ರಗಳ ಸದ್ದು ಕೇಳಿ ಎದ್ದವನು ನಾನು. ಈಗ ಮನೆ ತುಂಬ ನಿಶ್ಶಬ್ದ.' ಮಗಳು ಇಲ್ಲೇ ಕೆಲಸದಲ್ಲಿದ್ದಾಳೆ ಅನ್ನುವ ಮಾತೇ ಇಲ್ಲ. ವಶೀಲಿಯಿಂದ ಗಿರಣಿಗೆ ಬಂದವರನ್ನು ಅಪ್ಪ ಹೇಗೆ ಬೈಯುತ್ತಿದ್ದ ನೆನಪಿದೆಯಲ್ಲ, ಮಗಳ ಸೆರಗು ಹಿಡಿದು ಒಳಗೆ ಬಂದ ಅನ್ನಿಸಿಕೊಳ್ಳಲು ಅವನಿಗೆ ಇಷ್ಟವಿಲ್ಲ. ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಅತ್ತುಬಂದೆ.

ಆಮೇಲೆ ನೆಟ್ಟಗೆ ಗ್ರಿಸೆಲ್ದಾ ಮೇಡಂ ಹತ್ತಿರ ಹೋಗಿ, ಇವನು ನಮ್ಮಪ್ಪ, ನಾನು ಇದರಿಂದ ದೂರ ಇರುತ್ತೇನೆ ಅಂದೆ. ಅವಳು ಓದಿದಳು, ಕನ್ನಡಕ ತೆಗೆದಳು. "ನಿಮ್ಮಪ್ಪ ಅಂತ ಬೀಳಿಸೋದೂ ಇಲ್ಲ, ಏಳಿಸೋದೂ ಇಲ್ಲ. ನಮ್ಮವರು ಮನೆಗೆ ಹೋಗಿ ನೋಡಿಬರೋ ಪರಿಶೀಲನೆ ಒಂದು ಮುಗಿದರೆ ಕೆಲಸ ಅವರದೇ. ಆದರೆ ಅಲ್ಲೀವರೆಗೆ ನಿನ್ನ ಬಾಯಿಂದ ಒಂದು ಮಾತೂ ಅವರ ಕಿವಿಗೆ ಬೀಳಬಾರದು. ಬಿತ್ತೋ, ಇಬ್ಬರನ್ನೂ ನಾನೇ ಮನೆಗೆ ಕಳಿಸ್ತೀನಿ" ಅಂದಳು. ಮಾತು ಕೊಟ್ಟಿದ್ದೇನೆ. ಆವತ್ತಿನಿಂದ ಅಪ್ಪನ ಎದುರು ಕೂತು ಊಟ ಮಾಡುವುದೇ ಕಷ್ಟವಾಗಿದೆ. ಅವನಿಗೆ ಪರಿಶೀಲನೆಗೆ ಬರುತ್ತಾರೆ ಅನ್ನುವ ಸಂದೇಶ ಬಂದಿದೆ, ನನ್ನಿಂದ ಮುಚ್ಚಿಟ್ಟು ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತಿದ್ದಾನೆ. ಗಿರಣಿ ಮುಚ್ಚಿದ ಮೇಲೆ ಅವನ ಸಿಳ್ಳೆ ಕೇಳಿದ್ದು ಇದೇ ಮೊದಲು.

ನಿನಗೆ ಅಲ್ಲಿ ನಿದ್ದೆ ಬರಲಿ, ಅಜ್ಜಿಗೆ ಆಯಸ್ಸು ಗಟ್ಟಿಯಾಗಿರಲಿ, ಕಪ್ಪು ಕ್ರಿಸ್ತನು ನಿನ್ನ ಮಂಡಿಯ ಮೇಲೆ ಕೈಯಿಟ್ಟು ಕಾಪಾಡಲಿ. ಅಕ್ಟೋಬರಿನಲ್ಲಿ ಅವನ ಮೆರವಣಿಗೆ ಹೊರಟಾಗ ನಿನ್ನ ಹೆಸರಲ್ಲೂ ಮೇಣದಬತ್ತಿ ಹಚ್ಚುತ್ತೇನೆ.

ನಿನ್ನ ಮಗಳು,
ನೋಯೆಮಿ

ಮತ್ತೆ: ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದೆ. ಅಪ್ಪ ಆ ಅರ್ಜಿಯಲ್ಲಿ ನಮ್ಮ ಮನೆಯ ವಿಳಾಸ ಬರೆದಿಲ್ಲ. ಊರ ನಡುವಿನ ಬ್ರೆನ್ಯಾದ ದೋರಿಸ್ ಅತ್ತೆಯ ಮನೆಯದು ಬರೆದಿದ್ದಾನೆ, ಎಲ್ಲ ಕಡೆ ಬರೆದು ರೂಢಿಯಾಗಿ ಇಲ್ಲೂ ಅದನ್ನೇ. ಯಾರೂ ಕೇಳದ ಕಡೆ ಸುಳ್ಳು ಹೇಳಿದ್ದಾನೆ ಅಮ್ಮಾ! ಕಾರ್ಖಾನೆಗೆ ಬ್ರೆನ್ಯಾಗಿಂತ ಕೋಮಾಸೇ ಹತ್ತಿರ, ಕಂಪನಿಯ ಬಸ್ಸು ನಮ್ಮ ಮೆಟ್ಟಿಲ ಕೆಳಗೇ ನಿಲ್ಲುತ್ತದೆ. ಮುಂದಿನ ವಾರ ಪರಿಶೀಲನೆಯವನು ಯಾವ ದಿನ ಅಂತ ಹೇಳದೆ ಅಲ್ಲಿಗೆ ಹೋಗಿ, ಬಾಗಿಲ ಫೋಟೋ ತೆಗೆದು, ಎದುರಿನ ಅಂಗಡಿಯಲ್ಲಿ 'ಫೌಸ್ತೀನೊ ಇಲ್ಲಿರ್ತಾರಾ?' ಅಂತ ಕೇಳುತ್ತಾನೆ. ಇಲ್ಲ ಅಂದರೆ ಅಪ್ಪನ ಹೆಸರು ಹೋಯಿತು, ಪುಟವೂ ಹೋಯಿತು. ಸೋಮವಾರ ಮಧ್ಯಾಹ್ನದವರೆಗೆ ಅವನೇ ಪುಟದ ಒಳಹೊಕ್ಕು ವಿಳಾಸ ತಿದ್ದಬಹುದು. ನಾನು ಹೇಳುವಂತಿಲ್ಲ. ನಿನ್ನ ಬಾಯಲ್ಲಿ ಹೇಳಿಸಿದರೆ ಕೊಟ್ಟ ಮಾತು ಮುರಿದಂತೆಯೇ, ಅದು ನನಗೆ ಗೊತ್ತು, ಆ ಪಾಪ ನನಗಿರಲಿ. ಭಾನುವಾರ ಅವನು ಫೋನ್ ಮಾಡಿದಾಗ ನನ್ನ ಹೆಸರೆತ್ತದೆ ಕೇಳು, "ಅರ್ಜಿಗಳಲ್ಲಿ ಮನೆ ಎಲ್ಲಿ ಅಂತ ಬರೀತಿದೀಯ ಫೌಸ್ತೀನೊ?" ಅಂತ. ಅವನು ತೊದಲುತ್ತಾನೆ. ಆಗ ನೀನು, ಆರು ವರ್ಷದಿಂದ ಆ ಅಜ್ಜಿ 'ನಿನ್ನ ಮನೆ ಎಲ್ಲಿ' ಅಂತ ಕೇಳಿದಾಗಲೆಲ್ಲ ಏನು ಹೇಳುತ್ತಾ ಬಂದಿದ್ದೀಯೋ ಅದನ್ನೇ ಅವನಿಗೂ ಹೇಳು. "ಕೋಮಾಸಿನ ಗುಡ್ಡದ ಮೇಲೆ, ನಾನೇ ಹಸಿರು ಬಣ್ಣ ಹಚ್ಚಿದ ಬಾಗಿಲು, ಒಳಗೆ ನನ್ನ ಗಂಡ ಇದ್ದಾನೆ" ಅಂತ.